ಅಜ್ಜನ ಫೋಟೋ ಹಿಡ್ಕೊಂಡು ಬಟ್ಟೆ ಹೊಲಿಸೋಕೆ ಹೊರಟಿದ್ದೀನಿ. ನಿಮ್ಮ ಸ್ಟೈಲ್ ಎಲ್ಲಿಂದ ಬಂತು?

ಕೊಪ್ಪೆಹುಡುಗ
ಎಲ್ಲರಿಗೂ ನಮಸ್ಕಾರ. ಊರು ಹೊಸನಗರದ ಕಡೆ, ಕೆಲಸ ಶಿವಮೊಗ್ಗದಲ್ಲಿ, ವಯಸ್ಸು 28. ಹೋದ ವಾರ ಊರಿಗೆ ಹೋದಾಗ ಅಟ್ಟದ ಟ್ರಂಕಿನಲ್ಲಿ ಅಜ್ಜನ ಫೋಟೋ ಸಿಕ್ತು, ಮೇಲೆ ಹಾಕಿದ್ದೀನಿ ನೋಡಿ. ಕಪ್ಪು ಬಿಳುಪು, ಸ್ಟುಡಿಯೋದ್ದು, ಹಿಂದೆ ಕೆರೆ ಮತ್ತೆ ತೆಂಗಿನಮರ ಬರೆದ ಪರದೆ. ಹಿಂಬದಿಯಲ್ಲಿ ಪೆನ್ಸಿಲಲ್ಲಿ 1976 ಅಂತಿದೆ. ಕೋಟು, ದೊಡ್ಡ ಕಾಲರಿನ ಪಟ್ಟೆ ಶರ್ಟು, ಪಾದದ ಹತ್ತಿರ ಅಗಲ ಆಗಿರೋ ಪ್ಯಾಂಟು, ಕಿವಿಯ ಕೆಳಗಿನವರೆಗೂ ಸೈಡ್‌ಲಾಕ್. ನಾನು ಕಂಡ ಅಜ್ಜ ಮೊಣಕಾಲ ಮೇಲೆ ಪಂಚೆ ಎತ್ತಿ ಕಟ್ಟಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ ಇಟ್ಕೊಂಡು ತೋಟದಲ್ಲಿ ಇರ್ತಿದ್ದವರು. ಈ ಫೋಟೋದ ಹುಡುಗ ಯಾರು ಅಂತ ಒಂದು ಗಳಿಗೆ ಗುರುತೇ ಸಿಗಲಿಲ್ಲ.

ನನ್ನ ಕಷ್ಟ ಏನು ಅಂದ್ರೆ, ಆರು ವರ್ಷದಿಂದ ತಿಳಿನೀಲಿ ಶರ್ಟು, ಕಪ್ಪು ಪ್ಯಾಂಟು ಬಿಟ್ಟು ಬೇರೆ ಹಾಕಿಲ್ಲ. ಫೋನಲ್ಲಿ ನೋಡೋದೆಲ್ಲ ಇಟಲಿಯವರ ಲಿನನ್ ಸೂಟು, ಸ್ವೀಡ್ (ನವಿರು ಎಬ್ಬಿಸಿದ ಚರ್ಮ) ಶೂ. ಆಷಾಢದಲ್ಲಿ ಸ್ವೀಡ್ ಶೂ ಹಾಕಿ ನಮ್ಮೂರಿನ ಬಸ್‌ಸ್ಟಾಂಡಲ್ಲಿ ಹೇಗೆ ಇಳಿಯೋದು? ಮಾರ್ಗಶಿರದಲ್ಲಿ ತಂಗಿ ಮದುವೆ ಇದೆ. ಅಜ್ಜನ ಥರವೇ ಹೊಲಿಸ್ಕೊಂಡು ನಿಲ್ಲಬೇಕು ಅಂತ ಆಸೆ ಆಗಿದೆ. ಗೆಳೆಯ ‘ಛದ್ಮವೇಷ ಆಗುತ್ತೆ’ ಅಂದ. ನಿಮಗೇನನ್ಸುತ್ತೆ? ನಿಮ್ಮ ನಿಮ್ಮ ಸ್ಟೈಲಿಗೆ ಸ್ಫೂರ್ತಿ ಎಲ್ಲಿಂದ ಬಂತು?

ಹೊಳೆದಂಡೆ
ಹೊಲಿಸಿ ಮಾರಾಯ್ರೆ, ಕೇಳೋದೆಂತ.

ಭದ್ರಾವತಿ_ಕಬ್ಬಿಣ
ನಿಮ್ಮ ಗೆಳೆಯ ಹೇಳಿದ್ದು ಸರಿ. ತಲೆಯಿಂದ ಕಾಲಿನವರೆಗೆ 1976 ಆದ್ರೆ ಅದು ನಾಟಕದ ಬಟ್ಟೆಯೇ. ಒಂದು ವಸ್ತು ಹಳೇದು ತಗೊಳ್ಳಿ, ಉಳಿದಿದ್ದು ಇವತ್ತಿನದಿರಲಿ.

ಸಾಗರದ_ಸೊಸೆ
@ಭದ್ರಾವತಿ_ಕಬ್ಬಿಣ ಒಪ್ಪಲ್ಲ. ಹೆಂಗಸರು ಅಜ್ಜಿಯ ಸೀರೆ, ಅಜ್ಜಿಯ ಅಡ್ಡಿಕೆ, ಅಜ್ಜಿಯ ಥರವೇ ತುರುಬು ಕಟ್ಟಿ ಮದುವೆಗೆ ಬಂದ್ರೆ ಎಲ್ಲರೂ ಎಷ್ಟು ಲಕ್ಷಣ ಅಂತಾರೆ. ಗಂಡಸರು ಮಾಡಿದ್ರೆ ಮಾತ್ರ ಛದ್ಮವೇಷವಾ? ನಮ್ಮನೆಯವರ ಕಪಾಟಲ್ಲಿ 11 ಶರ್ಟಿದೆ, ಅದರಲ್ಲಿ 9 ತಿಳಿನೀಲಿ. ಬಣ್ಣ ಅಂದ್ರೆ ಹೆದರ್ತಾರೆ ಇವರು. ಅಜ್ಜ ಹೆದರಿಲ್ಲ ನೋಡಿ.

ನಿವೃತ್ತ_ಮೇಷ್ಟ್ರು
ಫೋಟೋ ದೊಡ್ಡದು ಮಾಡಿ ನೋಡಿದೆ. ನಾನು ಆ ಕಾಲದಲ್ಲಿ ತೀರ್ಥಹಳ್ಳಿಯಲ್ಲಿ ಹೈಸ್ಕೂಲಲ್ಲಿದ್ದೆ, ಹಾಗಾಗಿ ಎರಡು ಮಾತು.

ಒಂದು, ಕೋಟು ನಿಮ್ಮ ಅಜ್ಜನದ್ದಲ್ಲ ಅನ್ಸುತ್ತೆ. ಬಲಗೈ ಗಮನಿಸಿ. ತೋಳು ಮಣಿಕಟ್ಟು ದಾಟಿ ಬೆರಳಿನ ಗೆಣ್ಣಿನವರೆಗೆ ಬಂದಿದೆ. ಹೆಗಲ ಹೊಲಿಗೆ ಹೆಗಲಿಗಿಂತ ಎರಡು ಬೆರಳು ಆಚೆಗೆ ಬಿದ್ದಿದೆ. ಆಗ ಸ್ಟುಡಿಯೋಗಳಲ್ಲಿ ಗಿರಾಕಿಗಳಿಗೆ ಅಂತಲೇ ಒಂದು ಕೋಟು, ಒಂದು ಟೈ, ಬಾಚಣಿಗೆ, ಪೌಡರ್ ಡಬ್ಬಿ ಇಟ್ಟಿರ್ತಿದ್ರು. ಅದೇ ಕೋಟಲ್ಲಿ ಊರಿನ ಅರ್ಧ ಜನರ ಫೋಟೋ ಇರ್ತಿತ್ತು. ನನ್ನ ದೊಡ್ಡಣ್ಣನದ್ದೂ ಹಾಗೇ, ಕೋಟಿನ ಕೆಳಗೆ ಬರಿಗಾಲು.

ಎರಡು, ಶರ್ಟು ಮತ್ತು ಪ್ಯಾಂಟು ಅವರದ್ದೇ. ಕಾಲರು ಕತ್ತಿಗೆ ಸರಿಯಾಗಿ ಕೂತಿದೆ, ಸೊಂಟದ ಪಟ್ಟಿ ಹೊಕ್ಕಳಿನ ಮಟ್ಟದಲ್ಲಿದೆ. ಅಳತೆ ಕೊಟ್ಟು ಹೊಲಿಸಿದ್ದು. ಬಟ್ಟೆ ಟೆರಿಕಾಟ್ (ಪಾಲಿಯೆಸ್ಟರ್, ಹತ್ತಿ ಸೇರಿಸಿದ್ದು) ಇರಬೇಕು, ಆಗ ಎಲ್ಲರಿಗೂ ಅದರದ್ದೇ ಹುಚ್ಚು.

ಕೊಪ್ಪೆಹುಡುಗ
ಮೇಷ್ಟ್ರೇ, ಇದು ಓದಿ ಐದು ನಿಮಿಷ ಫೋಟೋನೇ ನೋಡ್ತಾ ಕೂತೆ. ಹೌದು, ತೋಳು ಉದ್ದ ಇದೆ. ನಾನು ಇಷ್ಟಪಟ್ಟಿದ್ದೇ ಆ ಕೋಟನ್ನ. ಯಾಕೋ ಸಂಕಟ ಆಯ್ತು.

ನಿವೃತ್ತ_ಮೇಷ್ಟ್ರು
ಸಂಕಟ ಯಾಕಪ್ಪ? ಕೋಟು ಯಾರದ್ದಾದ್ರೂ ಇರಲಿ, ನಿಂತ ಭಂಗಿ ಅವರದ್ದೇ.

ಕತ್ತರಿ_ದಾರ
ನಮ್ಮಪ್ಪ 40 ವರ್ಷ ಹೊಲಿಗೆ ಮಾಡಿದವರು, ಈಗ ನಾನು. ಅಪ್ಪನ ಅಳತೆ ಪುಸ್ತಕಗಳು ಇನ್ನೂ ಇವೆ. 70ರ ದಶಕದ ಪುಟದಲ್ಲಿ ಮಂಡಿ 17, ಬಾಟಮ್ 24 ಇಂಚು ಅಂತಿದೆ. ಈಗಿನ ಹುಡುಗರು 12ಕ್ಕೆ ಇಳಿಸಿ ಅಂತಾರೆ, ಪಾದ ತೂರಿಸೋಕೆ ಆಗಲ್ಲ.

ಕೊಪ್ಪೆಹುಡುಗರಿಗೆ ನನ್ನ ಸಲಹೆ ಇದು. 24 ಬೇಡ. ನಮ್ಮ ಕೆಸರಿನಲ್ಲಿ 24 ಇಂಚಿನ ಬಾಟಮ್ ಅಂದ್ರೆ ಊರಿನ ಮಣ್ಣೆಲ್ಲ ಒರೆಸಿಕೊಂಡು ಬರುತ್ತೆ. ಆಗಿನವರೂ ಮಳೆಗಾಲದಲ್ಲಿ ಮಡಚ್ಕೊಂಡೇ ಓಡಾಡಿದ್ದು. ಫೋಟೋದಲ್ಲಿ ಚೆಂದ ಕಾಣ್ತಿರೋದು ಬಾಟಮ್ ಅಲ್ಲ, ಸೊಂಟ. ಪ್ಯಾಂಟು ಹೊಕ್ಕಳಿನ ಹತ್ತಿರ ನಿಂತಿರೋದಕ್ಕೆ ಕಾಲು ಉದ್ದ ಕಾಣುತ್ತೆ, ಶರ್ಟು ಹೊರಗೆ ಬರಲ್ಲ. ಈಗಿನ ರೆಡಿಮೇಡ್ ಎಲ್ಲ ಸೊಂಟದ ಮೂಳೆ ಕೆಳಗೆ ಕೂರೋದು. ಟೈಲರ್ ಹತ್ರ ಹೋದಾಗ ‘ಫೋರ್ಕ್ (ಸೊಂಟದಿಂದ ತೊಡೆಸಂದಿವರೆಗಿನ ಅಳತೆ) ಉದ್ದ ಇಡಿ, ಮುಂದೆ ಎರಡು ಪ್ಲೀಟ್ ಕೊಡಿ, ಬಾಟಮ್ 16’ ಅಂತ ಹೇಳಿ. ಅಷ್ಟು ಸಾಕು.

ಇನ್ನೊಂದು, ಟ್ರಯಲ್ ಇಲ್ಲದೆ ಹೊಲಿಸಬೇಡಿ. ಹೆಗಲು ಮತ್ತೆ ಕಂಕುಳ ಒಂದು ಸಲ ತಪ್ಪಿದ್ರೆ ಆಮೇಲೆ ಸರಿಮಾಡೋಕೆ ಆಗಲ್ಲ. ಉದ್ದ, ಸೊಂಟ ಯಾವಾಗ ಬೇಕಾದ್ರೂ ಬಿಚ್ಚಿ ಹೊಲೀಬಹುದು.

ಭದ್ರಾವತಿ_ಕಬ್ಬಿಣ
@ಕತ್ತರಿ_ದಾರ ಇದನ್ನೇ ನಾನು ಹೇಳಿದ್ದು. ಹಳೇದರಲ್ಲಿ ಒಂದು ಗುಣ ತಗೊಳ್ಳಿ, ಪೂರ್ತಿ ವೇಷ ಬೇಡ.

ನನ್ನ ಸ್ಫೂರ್ತಿ ಕೇಳಿದ್ರೆ, ನಮ್ಮೂರಲ್ಲಿ ಹುಟ್ಟಿದವನಿಗೆ ಒಬ್ಬರೇ. ಸರ್ ಎಂ. ವಿಶ್ವೇಶ್ವರಯ್ಯ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಅವರದ್ದೇ ಹೆಸರು. ಯಾವ ಫೋಟೋ ನೋಡಿ, ಮೈಸೂರು ಪೇಟ, ಗುಂಡಿ ಹಾಕಿದ ಕೋಟು, ಟೈ. ಪೇಟ ನಮ್ಮದು, ಕೋಟು ಹೊರಗಿನದು, ಎರಡೂ ಒಂದೇ ಮೈಮೇಲೆ ಜಗಳ ಇಲ್ಲದೆ ಕೂತಿವೆ. ನಾನು ಪೇಟ ಹಾಕಲ್ಲ, ಆದ್ರೆ ಗುಂಡಿ ಹಾಕದೆ ಮನೆಯಿಂದ ಹೊರಡಲ್ಲ.

ಆಗುಂಬೆ_ಮಳೆ
ಸಿನಿಮಾದ ಮಾತು ಯಾರೂ ಎತ್ತಲಿಲ್ಲವಲ್ಲ! ಅಜ್ಜಂದಿರು ಯಾರನ್ನ ನೋಡಿ ಹೊಲಿಸಿದ್ದು ಅಂದ್ಕೊಂಡ್ರಿ? ಅಣ್ಣಾವ್ರು 1968ರಲ್ಲೇ ಸಿ.ಐ.ಡಿ. 999 ಆಗಿ ಕೋಟು ಹಾಕ್ಕೊಂಡು ಬಂದಿದ್ರು. ಆಮೇಲೆ ವಿಷ್ಣುವರ್ಧನ್ ಕೈಯಲ್ಲಿನ ಕಡಗ, ಶಂಕರ್‌ನಾಗ್ ಗಡ್ಡ. ಶಂಕರ್‌ನಾಗ್ 1990ರಲ್ಲಿ ಹೋದ್ರು, ಇವತ್ತಿಗೂ ಆಟೋ ಹಿಂದೆ ಅವರ ಮುಖ ಇದೆ. ನಮ್ಮೂರಿನವರಿಗೆ ಇನ್ನೂ ಹತ್ತಿರ, ‘ಮಾಲ್ಗುಡಿ ಡೇಸ್’ ಚಿತ್ರೀಕರಣಕ್ಕೆ ಇಲ್ಲೇ ಆಗುಂಬೆಯಲ್ಲಿ ಇದ್ದವರು. ನಮ್ಮ ಚಿಕ್ಕಪ್ಪ ದೊಡ್ಡಮನೆ ಹತ್ರ ಅವರನ್ನ ನೋಡಿ ಬಂದ ಮೇಲೆ ಗಡ್ಡ ಬಿಟ್ಟವರು ಇನ್ನೂ ತೆಗೆದಿಲ್ಲ, ಈಗ ಪೂರಾ ಬೆಳ್ಳಗಾಗಿದೆ.

ಚೊಗರು
ಸಿನಿಮಾದವರಿಗೆ ಬಟ್ಟೆ ಕೊಡೋಕೆ ಜನ ಇರ್ತಾರೆ. ನಾನು ಸಾಹಿತಿಗಳನ್ನ ನೋಡ್ತೀನಿ. ತೇಜಸ್ವಿ ಗಡ್ಡ, ಕನ್ನಡಕ, ಹೆಗಲಿಗೆ ಕ್ಯಾಮೆರಾ. ಕಾಡಿಗೆ ಹೋಗೋ ಮನುಷ್ಯ ಕಾಡಿಗೆ ಬೇಕಾದ್ದನ್ನ ಹಾಕ್ಕೊಂಡಿದ್ದಾರೆ. ಕುವೆಂಪು ಬಿಳಿ ಖಾದಿ. ಅಪ್ಪ ಮಗ ಒಬ್ಬರ ಥರ ಒಬ್ಬರಿಲ್ಲ, ಇಬ್ಬರನ್ನೂ ದೂರದಿಂದಲೇ ಗುರುತು ಹಿಡೀಬಹುದು.

ಆಗುಂಬೆ_ಮಳೆ
ಗುರುತು ಹಿಡಿಯೋದು ಅವರು ಬರೆದಿದ್ದಕ್ಕೆ, ಬಟ್ಟೆಗಲ್ಲ.

ಚೊಗರು
ಎರಡಕ್ಕೂ. ಜೀವನ ಹೇಗೋ ಬಟ್ಟೆ ಹಾಗೆ ಇತ್ತು, ಅದನ್ನೇ ನಾನು ಹೇಳ್ತಿರೋದು.

ನೀರುದೋಸೆ
ಹೇರ್‌ಕಟ್ ವಿಷಯ ಬಿಟ್ಟೇಬಿಟ್ರಿ. ಬಟ್ಟೆ ಎಷ್ಟೇ ಚೆನ್ನಾಗಿದ್ರೂ ತಲೆ ಇವತ್ತಿನ ಮಷಿನ್ ಕಟ್ ಆದ್ರೆ ಕೂಡಲ್ಲ. ನನಗಾದ ಕತೆ ಕೇಳಿ. ಪೇಟೆಯ ಒಂದು ಹೊಸ ಸಲೂನಿಗೆ (ಹೆಸರು ಬೇಡ) ಹೋಗಿ ‘ಸೈಡ್‌ಲಾಕ್ ಮುಟ್ಟಬೇಡಿ’ ಅಂತ ಎರಡು ಸಲ ಹೇಳಿ ಕೂತೆ. ಅವರು ಫೋನಲ್ಲಿ ಮಾತಾಡ್ತಾ ಮಷಿನ್ ಎತ್ತಿ ಬಲಗಡೆ ಕಿವಿ ಮೇಲಿನವರೆಗೆ ಹೊಡೆದೇ ಬಿಟ್ರು. ಮೂರು ತಿಂಗಳು ಬೆಳೆಸಿದ್ದು. ಎಡಗಡೆಯದ್ದೂ ತೆಗೀದೆ ಬೇರೆ ದಾರಿ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ನಿಜವಾಗ್ಲೂ.

ಈಗ ಕತ್ತರಿಯಲ್ಲೇ ಕ್ರಾಪು ಮಾಡೋ ಹಳೇ ಅಂಗಡಿಗೆ ಹೋಗ್ತೀನಿ. ಅಲ್ಲಿ ಕೂತ ಕೂಡಲೇ ಬೈತಲೆ ಯಾವ ಕಡೆ ಅಂತ ಕೇಳ್ತಾರೆ. ನೆತ್ತಿಯ ಸುಳಿ ನೋಡಿ ‘ನಿಮಗೆ ಎಡಕ್ಕೆ ಬೀಳುತ್ತೆ, ಬಲಕ್ಕೆ ಎಷ್ಟು ಬಾಚಿದ್ರೂ ಎದ್ದು ನಿಲ್ಲುತ್ತೆ’ ಅಂದ್ರು. 26 ವರ್ಷ ಬಲಕ್ಕೆ ಬಾಚಿದ್ದೀನಿ ನಾನು!

ಹೊಳೆದಂಡೆ
ಫೋಟೋ ತೋರಿಸೋದು ಒಳ್ಳೇದು. ಬಾಯಲ್ಲಿ ಹೇಳಿದ್ರೆ ಅರ್ಥ ಆಗಲ್ಲ ಅವರಿಗೆ.

ನಿವೃತ್ತ_ಮೇಷ್ಟ್ರು
ನಮ್ಮ ಕಾಲದಲ್ಲಿ ಪಫ್ ನಿಲ್ಲಿಸೋಕೆ ಕೊಬ್ಬರಿ ಎಣ್ಣೆ ಮತ್ತೆ ನೀರು. ದುಡ್ಡಿದ್ದವರು ಬ್ರಿಲ್‌ಕ್ರೀಮ್. ಶೇವಿಂಗ್ ಆದ ಮೇಲೆ ಪಟಿಕ ಉಜ್ಜೋದು, ಉರಿ ಹತ್ತಿ ರಕ್ತ ನಿಲ್ತಿತ್ತು. ನಾನು ಈಗಲೂ ಎರಡು ಬದಿ ಅಲಗಿನ ಹಳೇ ರೇಜರ್‌ನಲ್ಲೇ ಮಾಡ್ಕೊಳ್ಳೋದು. ಒತ್ತಬಾರದು, ರೇಜರ್ ತೂಕವೇ ಕೆಲಸ ಮಾಡಬೇಕು. ಕೂದಲು ಹೋದ ದಿಕ್ಕಿಗೇ ಎಳೀಬೇಕು. ಹುಡುಗರು ಐದು ಅಲಗಿನದ್ದು ತಂದು ಎದುರುದಿಕ್ಕಿಗೆ ಎಳೆದು ಕತ್ತು ತುಂಬ ಗುಳ್ಳೆ ಮಾಡ್ಕೊಂಡು ಬರ್ತಾರೆ.

ಆಗುಂಬೆ_ಮಳೆ
ಗಡ್ಡದವರಿಗೆ ಒಂದು ಮಾತು. ನಮ್ಮ ಮಳೆಗಾಲದಲ್ಲಿ ಗಡ್ಡದ ಬುಡ ಒಣಗಲ್ಲ, ಟವೆಲ್ಲೂ ಒಣಗಲ್ಲ. ಒದ್ದೆ ಟವೆಲ್ಲಲ್ಲೇ ಒರೆಸ್ಕೊಂಡ್ರೆ ತುರಿಕೆ ಗ್ಯಾರಂಟಿ. ಬಚ್ಚಲ ಒಲೆ ಮೇಲಿನ ಗಳದಲ್ಲಿ ಟವೆಲ್ ಒಣಗಿಸ್ಕೊಳ್ಳಿ. ಹೊಗೆ ವಾಸನೆ ಬರುತ್ತೆ, ಬರಲಿ.

ಚೊಗರು
ಹೊಗೆ ವಾಸನೆ ಅಂದ್ರೆ ಮನೆ ನೆನಪು. ಬೆಂಗಳೂರಲ್ಲಿ ಹಾಸ್ಟೆಲಲ್ಲಿದ್ದಾಗ ಬ್ಯಾಗ್ ತೆಗೆದ್ರೆ ಸಾಕು, ರೂಮಿನವರೆಲ್ಲ ‘ಊರಿಗೆ ಹೋಗಿದ್ಯಾ’ ಅಂತಿದ್ರು.

ಕೀಲಿ_ಗಡಿಯಾರ
ಫೋಟೋದಲ್ಲಿ ಕೈಗಡಿಯಾರ ಇದೆ, ಯಾರೂ ಹೇಳ್ಲಿಲ್ಲ! ಎಡಗೈಯಲ್ಲಿ ಕೋಟಿನ ತೋಳು ಮೇಲೆ ಸರಿಸಿ ಶರ್ಟಿನ ಕಫ್ ಮೇಲೆಯೇ ಕಟ್ಟಿದ್ದಾರೆ, ಕಾಣಲಿ ಅಂತ. ಡಯಲ್ ಸ್ಪಷ್ಟ ಇಲ್ಲ, ಆದ್ರೆ ಎಚ್‌ಎಂಟಿ ಇರೋ ಸಾಧ್ಯತೆ ಜಾಸ್ತಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಲ್ಲಿ ಶುರು ಮಾಡಿದ್ದು. 70ರ ದಶಕದಲ್ಲಿ ಕೆಲಸ ಸಿಕ್ಕಿದವರು, ಮದುವೆ ಆದವರು ಕಟ್ತಿದ್ದೇ ಅದು. ಜನತಾ, ಪೈಲಟ್, ಜವಾನ್, ಕೋಹಿನೂರ್, ಸೋನಾ. ಜನತಾದಲ್ಲಿ 17 ಜ್ಯುವೆಲ್ (ಒಳಗಿನ ಚಕ್ರಗಳು ತಿರುಗೋ ಸಣ್ಣ ಹರಳು), ದಿನಾ ಕೀಲಿ ಕೊಡಬೇಕು. ಆ ವಾಚ್ ಕಂಪನಿ ಮುಚ್ಚೋಕೆ ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನ ಮಾಡ್ತು.

ಟ್ರಂಕಲ್ಲಿ ಇನ್ನೊಂದ್ಸಲ ಹುಡುಕಿ. ಸಿಗಲಿಲ್ಲ ಅಂತ ಆನ್‌ಲೈನಲ್ಲಿ ಕೊಳ್ಳೋಕೆ ಹೋದ್ರೆ ಹುಷಾರು. ಕಡುಗೆಂಪು, ಗಿಳಿಹಸಿರು ಡಯಲ್ ಹಾಕಿ ‘ಅಪರೂಪದ ಜನತಾ’ ಅಂತ ಮಾರ್ತಾರೆ, ಅದು ಹೊಸದಾಗಿ ಬಣ್ಣ ಹೊಡೆದ ಡಯಲ್. ಅಕ್ಷರದ ಅಂಚು ನೋಡಿ, ಹರಡಿಕೊಂಡಿರುತ್ತೆ. ಕೇಸಿನ ಮೂಲೆಗಳು ಪಾಲಿಶ್ ಹೊಡೆದೂ ಹೊಡೆದೂ ಸೋಪಿನ ಥರ ಗುಂಡಗಾಗಿರುತ್ತೆ. ನಾನು ಮೊದಲ ಸಲ ಹಾಗೇ ಮೋಸ ಹೋದೆ, ಒಳಗಿನ ಯಂತ್ರ ಒಂದು ವಾಚಿಂದು, ಡಯಲ್ ಇನ್ನೊಂದರದ್ದು. ಮತ್ತೆ, ಹಳೇ ವಾಚು ಮಳೆಗೆ ಕಟ್ಟಬೇಡಿ. ಗಾಜಿನೊಳಗೆ ಮಂಜು ಕಟ್ಟಿತು ಅಂದ್ರೆ ಅವತ್ತೇ ರಿಪೇರಿಯವರ ಹತ್ರ ಓಡಿ, ತುಕ್ಕು ಕಾಯಲ್ಲ.

ಹೊಳೆದಂಡೆ
ಮಳೆ ಅಂದ್ರೆ ನೆನಪಾಯ್ತು, ನಿಮ್ಮ ಕಡೆ ಅಡಿಕೆ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆದ್ರಾ? ಇಲ್ಲಿ ಬಿಡುವೇ ಕೊಡ್ತಿಲ್ಲ.

ಚೊಗರು
ಹೊಡೆದಾಯ್ತು. ಎರಡು ದಿನ ಬಿಸಿಲು ಬಿತ್ತು, ಅಷ್ಟರಲ್ಲೇ ಮುಗಿಸಿದ್ವಿ.

ಸಾಗರದ_ಸೊಸೆ
ತೋಟದ ಚರ್ಚೆ ಬೇರೆ ಕಡೆ ಮಾಡಿ ಮಾರ್ರೆ 🙏 ಮದುವೆಗೆ ಏನು ಹಾಕಬೇಕು ಅಂತ ಹುಡುಗ ಕೇಳ್ತಿದ್ದಾನೆ.

ನನ್ನ ಅಭಿಪ್ರಾಯ, ಧಾರೆಗೆ ಪಂಚೆಯೇ ಉಡಬೇಕು. ಸೂಟು ಸಂಜೆಗೆ ಇರಲಿ. ಆದ್ರೆ ಆ ವೆಲ್ಕ್ರೋ ಪಂಚೆ ಮಾತ್ರ ಬೇಡ.

ಭದ್ರಾವತಿ_ಕಬ್ಬಿಣ
ವೆಲ್ಕ್ರೋದಲ್ಲಿ ಏನು ತಪ್ಪು? ಉಡೋಕೆ ಬರದವರು ಏನು ಮಾಡಬೇಕು? ಮಂಟಪದಲ್ಲಿ ಬಿಚ್ಚಿ ಹೋದ್ರೆ?

ಸಾಗರದ_ಸೊಸೆ
ಬಿಚ್ಚಲ್ಲ, ಕಲಿತ್ರೆ. ನಮ್ಮ ಮಾವ ದಿನಾ ಪೂಜೆಗೆ ಕಚ್ಚೆ ಹಾಕ್ತಾರೆ, ನೋಡಿ ನೋಡಿ ನನಗೇ ಬರುತ್ತೆ. ಎಂಟು ಮೊಳದ ಪಂಚೆ ತಗೊಳ್ಳಿ. ಬೆನ್ನ ಹಿಂದೆ ಹಿಡಿದು ಎರಡು ತುದಿ ಮುಂದೆ ತನ್ನಿ, ಒಂದು ಕಡೆ ಸ್ವಲ್ಪ ಉದ್ದ ಇರಲಿ. ಹೊಕ್ಕಳ ಹತ್ರ ಬಿಗಿಯಾಗಿ ಒಂದು ಗಂಟು. ಈ ಗಂಟೇ ಎಲ್ಲ, ಇದು ಸಡಿಲ ಆದ್ರೆ ಮಿಕ್ಕಿದ್ದೆಲ್ಲ ವ್ಯರ್ಥ. ಉದ್ದ ಇರೋ ಕಡೆಯದ್ದನ್ನ ನೆರಿಗೆ ಹಿಡಿದು ಮುಂದೆ ಸಿಕ್ಕಿಸಿ. ಇನ್ನೊಂದು ತುದಿಯನ್ನ ಕಾಲ ಮಧ್ಯೆ ಹಿಂದಕ್ಕೆ ತಂದು, ಸಣ್ಣ ನೆರಿಗೆ ಮಾಡಿ, ಬೆನ್ನಿನ ನಡುಮಧ್ಯಕ್ಕೆ ಸಿಕ್ಕಿಸಿ. ಸಿಕ್ಕಿಸುವಾಗ ಉಸಿರು ಒಳಗೆ ಎಳ್ಕೊಳ್ಳಿ, ಬಿಟ್ಟಾಗ ತಾನೇ ಬಿಗಿಯುತ್ತೆ. ಒಂದು ವಾರ ಮನೆಯಲ್ಲಿ ಉಟ್ಟು ಓಡಾಡಿ, ಮೆಟ್ಟಿಲು ಹತ್ತಿ ಇಳೀರಿ. ಮದುವೆ ದಿನ ಹೊಸದು ಉಡಬೇಡಿ, ಗಂಜಿಯ ಪಂಚೆ ಜಾರುತ್ತೆ. ಒಂದು ನೀರಿಗೆ ಹಾಕಿ ತೆಗೆದದ್ದು ಉಡಿ.

ನೀರುದೋಸೆ
ಗಂಜಿ ಪಂಚೆ ಜಾರುತ್ತೆ ಅನ್ನೋದು ನಿಜ. ಅಣ್ಣನ ಮದುವೆಯಲ್ಲಿ ಅನುಭವ ಆಗಿದೆ. ಇದನ್ನ ಬರೆದಿಟ್ಕೊಂಡೆ.

ಕತ್ತರಿ_ದಾರ
ಚರ್ಮದ ಶೂ ಹಾಕೋರಿಗೆ: ಜೂನಿಂದ ಸೆಪ್ಟೆಂಬರ್ ಕಪಾಟಲ್ಲಿ ಮುಚ್ಚಿಟ್ರೆ ಬೂಷ್ಟು ಹಿಡಿದು ಬೆಳ್ಳಗಾಗುತ್ತೆ. ಒಳಗೆ ಪೇಪರ್ ತುರುಕಿ, ಗಾಳಿಯಾಡೋ ಕಡೆ ಇಡಿ. ಉಣ್ಣೆ ಕೋಟಿಗೂ ಅಷ್ಟೇ. ಆದ್ರೆ ಉಣ್ಣೆ ನಮ್ಮ ಹವೆಗೆ ಒಳ್ಳೇದು, ತೇವ ಹೀರಿಕೊಂಡ್ರೂ ಮೈಗೆ ತಣ್ಣಗೆ ಹತ್ತಲ್ಲ. ಅದಕ್ಕೇ ಅಲ್ವಾ ನಾಟಿ ಮಾಡೋರು ಮಳೆಗೆ ತಲೆ ಮೇಲಿಂದ ಕಂಬಳಿ ಕೊಪ್ಪೆ ಹಾಕ್ತಿದ್ದಿದ್ದು.

ಕೊಪ್ಪೆಹುಡುಗ
ನನ್ನ ಹೆಸರು ಇಟ್ಕೊಂಡಿದ್ದೇ ಅದಕ್ಕೆ 🙂 ಚಿಕ್ಕವನಿದ್ದಾಗ ಅಜ್ಜನ ಕೊಪ್ಪೆಯೊಳಗೆ ನುಗ್ಗಿ ಕೂರ್ತಿದ್ದೆ.

ಸರಿ, ಶರ್ಟಿನ ಬಣ್ಣ ಏನಿರಬಹುದು? ನನಗೆ ಕೆಂಪು ಅನ್ಸುತ್ತೆ.

ಆಗುಂಬೆ_ಮಳೆ
ಕೆಂಪೇ. ಅಷ್ಟು ಕಪ್ಪಗೆ ಕಾಣ್ತಿದೆ.

ಕೀಲಿ_ಗಡಿಯಾರ
ಹಾಗೆ ಹೇಳೋಕಾಗಲ್ಲ. ಕಪ್ಪು ಬಿಳುಪಲ್ಲಿ ಕಡುಗೆಂಪು, ಕಡುಹಸಿರು ಎರಡೂ ಒಂದೇ ಬೂದುಬಣ್ಣ ಆಗಿ ಬೀಳಬಹುದು. ನಿಮ್ಮ ಫೋನಲ್ಲೇ ಒಂದು ದಾಸವಾಳ ಮತ್ತೆ ಅದರ ಎಲೆ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ.

ಆಗುಂಬೆ_ಮಳೆ
ಮಾಡಿ ನೋಡಿದೆ. ಎರಡೂ ಹೆಚ್ಚುಕಡಿಮೆ ಒಂದೇ. ಮಾತು ವಾಪಸ್.

ನಿವೃತ್ತ_ಮೇಷ್ಟ್ರು
ಅಜ್ಜಿ ಇದ್ದಾರಾ? ಇದ್ರೆ ಅವರನ್ನ ಕೇಳಿ.

ಕೊಪ್ಪೆಹುಡುಗ
ಇದ್ದಾರೆ. ಶನಿವಾರ ಹೋಗ್ತೀನಿ.

ಕೊಪ್ಪೆಹುಡುಗ
ಹೋಗಿ ಬಂದೆ. ಉದ್ದ ಇದೆ, ಓದಿ.

ಫೋಟೋ ಕೈಗೆ ಕೊಟ್ಟ ಕೂಡಲೇ ಅಜ್ಜಿ ಮೊದಲು ಹೇಳಿದ್ದು, ‘ಕೋಟು ಅವರದ್ದಲ್ಲ, ಸ್ಟುಡಿಯೋದ್ದು.’ ಮೇಷ್ಟ್ರು ಹೇಳಿದ್ದು ಅಕ್ಷರಶಃ ಸರಿ. ವಾಚು ಕೂಡ ಅಜ್ಜಿಯ ತಮ್ಮನದ್ದಂತೆ, ಅವತ್ತೊಂದು ದಿನಕ್ಕೆ ಇಸ್ಕೊಂಡಿದ್ದು. ಆದ್ರೆ ಮೇಷ್ಟ್ರೇ, ಶರ್ಟು ಟೆರಿಕಾಟ್ ಅಲ್ಲ, ಹತ್ತಿ. ಟೆರಿಕಾಟ್ ದುಬಾರಿ, ನಮಗೆಲ್ಲಿ ಬರಬೇಕು ಅಂದ್ರು. ಪ್ಯಾಂಟು ಮಾತ್ರ ಟೆರಿಕಾಟು. ಒಂದೇ ಒಂದು ಇತ್ತಂತೆ. ಬಚ್ಚಲ ಒಲೆ ಮುಂದೆ ಕೂತಾಗ ಕಿಡಿ ಹಾರಿ ತೊಡೆ ಮೇಲೆ ತೂತು ಬಿತ್ತಂತೆ, ಅಂಚು ಗಟ್ಟಿಯಾಗಿ ಮಣಿಯ ಹಾಗಾಗಿತ್ತು ಅಂತ ಬೆರಳಲ್ಲಿ ತೋರಿಸಿದ್ರು. ಆಮೇಲೆ ಅಜ್ಜ ಪ್ಯಾಂಟು ಹೊಲಿಸಲೇ ಇಲ್ಲವಂತೆ.

ಶರ್ಟಿನ ಬಣ್ಣ ಏನು ಅಂತ ಕೇಳಿದೆ. ಅಜ್ಜಿ ಏನೂ ಹೇಳದೆ ಒಳಗೆ ಹೋಗಿ ಕೌದಿ ತಂದ್ರು. ನಾನು ಹುಟ್ಟಿದಾಗಿಂದ ಹೊದ್ದಿರೋ ಕೌದಿ. ಮೂಲೆ ಮಡಚಿ ತೋರಿಸಿದ್ರು, ಒಂದು ಗೇಣಿನಷ್ಟು ತುಂಡು. ಹಸಿರು. ಹಾವಸೆಯ ಹಸಿರು, ಮೇಲೆ ಸಾಸಿವೆ ಬಣ್ಣದ ಸಣ್ಣ ಪಟ್ಟೆ. ಹೊಲಿಗೆಯ ಒಳಗೆ ಮಡಚಿಕೊಂಡಿದ್ದ ಅಂಚಿನಲ್ಲಿ ಬಣ್ಣ ಇನ್ನೂ ಹೊಸದರ ಹಾಗೇ ಇದೆ, ಮೇಲ್ಗಡೆ ಮಾಸಿದೆ. ಪಕ್ಕದಲ್ಲಿ ಒಂದು ಕಂದು ಕಲೆ. ‘ಅಡಿಕೆ ಚೊಗರು ಬಿತ್ತು, ಹೋಗಲೇ ಇಲ್ಲ, ಅದಕ್ಕೇ ಕೌದಿಗೆ ಹಾಕಿದೆ’ ಅಂದ್ರು.

ಸಾಗರದ_ಸೊಸೆ
ಓದಿ ಮೈ ಜುಂ ಅಂತು.

ಚೊಗರು
ಆ ಕಲೆ ಯಾವ ಸೋಪಿಗೂ ಹೋಗಲ್ಲ. ಅಡಿಕೆ ಬೇಯಿಸಿದ ಚೊಗರು ಅದು, ಪೂರ್ತಿ ಟ್ಯಾನಿನ್ (ಕಲೆ ಹಿಡಿಸೋ ಒಗರು ಅಂಶ). ಅದನ್ನೇ ಈಗ ನೂಲಿಗೆ ಬಣ್ಣ ಹಾಕೋಕೆ ಬಳಸ್ತಾರೆ, ಹೆಗ್ಗೋಡಿನ ಹತ್ತಿರ ಭೀಮನಕೋಣೆಯ ‘ಚರಕ’ ಅನ್ನೋ ಸಂಘದಲ್ಲಿ. ಕೈಮಗ್ಗದ ಬಟ್ಟೆ, ನೈಸರ್ಗಿಕ ಬಣ್ಣ. ಚೊಗರಿಗೆ ಕಬ್ಬಿಣದ ಅಂಶ ಸೇರಿದ್ರೆ ಕಂದು ಹೋಗಿ ಕಪ್ಪಿಗೆ ತಿರುಗುತ್ತೆ. ಅಡಿಕೆ ಸುಲಿಯೋ ಕತ್ತಿ ಹಿಡಿದವರ ಕೈ ನೋಡಿದ್ರೆ ಗೊತ್ತಾಗುತ್ತೆ.

ಕತ್ತರಿ_ದಾರ
ತುಂಡಿನ ಫೋಟೋ ಹಾಕಿ. ಪಟ್ಟೆಯ ಅಂತರ ಎಷ್ಟಿದೆ? ಸ್ಕೇಲ್ ಇಟ್ಟು ತೆಗೀರಿ. ಪಟ್ಟೆ ಬಟ್ಟೆ ಹೊಲಿಯೋವಾಗ ಜೇಬಿನ ಪಟ್ಟೆ ಎದೆಯ ಪಟ್ಟೆಗೆ ಕೂಡಬೇಕು, ಅದಕ್ಕೆ ಕಾಲು ಮೀಟರ್ ಜಾಸ್ತಿ ಬೇಕಾಗುತ್ತೆ.

ಕೊಪ್ಪೆಹುಡುಗ
ಅರ್ಧ ಇಂಚಿಗೆ ಒಂದು ಪಟ್ಟೆ. ಗಾಂಧಿ ಬಜಾರಲ್ಲಿ ಇವತ್ತು ನಾಲ್ಕು ಅಂಗಡಿ ಸುತ್ತಿದೆ, ಆ ಹಸಿರು ಎಲ್ಲೂ ಇಲ್ಲ. ಕೋಟು ಬೇಡ ಅಂತ ತೀರ್ಮಾನ ಮಾಡಿದೆ. ಧಾರೆಗೆ ಪಂಚೆ, ಸಂಜೆಗೆ ಈ ಶರ್ಟು ಮತ್ತೆ ಬಾಟಮ್ 16ರ ಪ್ಯಾಂಟು. ಬಟ್ಟೆ ಒಂದು ಸಿಕ್ಕಿದ್ರೆ ಆಯ್ತು.

ಭದ್ರಾವತಿ_ಕಬ್ಬಿಣ
ಈಗ ಛದ್ಮವೇಷ ಅಂತ ಯಾರೂ ಹೇಳಲ್ಲ. ನಾನೂ ಹೇಳಲ್ಲ.

ಸಾಗರದ_ಸೊಸೆ
ಕೌದಿ ತಗೊಂಡು ಸೀದಾ ಹೆಗ್ಗೋಡಿನ ಕಡೆಗೇ ಬನ್ನಿ. ಅದೇ ಹಸಿರು ಸಿಗುತ್ತೋ ಇಲ್ಲವೋ, ಹತ್ತಿರದ್ದು ಯಾವುದು ಅಂತ ಬಣ್ಣ ಗೊತ್ತಿರೋರು ನೋಡಿ ಹೇಳ್ತಾರೆ. ಹೊರಗಿನ ಮಾಸಿದ ಭಾಗ ತೋರಿಸಬೇಡಿ, ಮಡಚಿಕೊಂಡಿರೋ ಅಂಚು ತೋರಿಸಿ.

ಕೊಪ್ಪೆಹುಡುಗ
ಭಾನುವಾರ ಬರ್ತೀನಿ. ಅಜ್ಜಿಗೆ ಫೋನ್ ಮಾಡಿ ಹೇಳಿದೆ, ‘ಕೌದಿ ಒಂದನ್ನೇ ಕಳಿಸಲ್ಲ, ನಾನೂ ಬರ್ತೀನಿ’ ಅಂದಿದ್ದಾರೆ.

ಹೊಳೆದಂಡೆ
ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತನ್ನಿ, ಭಾನುವಾರವೂ ಮಳೆ ಇದೆ.